ಒಂದು ಬಿಲ್ಲೆಗಾಗಿ ನಡೆದ ಕುಲುಮೆ ಕಾಳಗ

ಒತ್ತಿದರೆ ವಿದ್ಯುತ್ತನ್ನು ಚಿಮ್ಮುವ, ವಿದ್ಯುತ್ತು ಕೊಟ್ಟರೆ ಮೈಮುರಿಯುವ, ಗೃಹಿಣಿಯ ಕೈಯ ಗ್ಯಾಸ್ ಲೈಟರಿನೊಳಗೆ ಕುಳಿತು ಟಕ್ಕೆಂದು ಕಿಡಿಯಾಗುವ, ಗಡಿಯಾರದೊಳಗೆ ಅಡಗಿ ಕಾಲವನ್ನೇ ಎಣಿಸುವ, ಸ್ಕ್ಯಾನಿಂಗ್ ಯಂತ್ರದ ತುದಿಯಲ್ಲಿ ನಿಂತು ಇನ್ನೂ ಹುಟ್ಟದ ಕಂದನ ಎದೆಬಡಿತವನ್ನು ಲೋಕಕ್ಕೆ ಮೊದಲು ಸಾರುವ ಹೇ ಸ್ಫಟಿಕಕುಲತಿಲಕವೇ, ಪೀಡನಮಾತ್ರಪ್ರಸನ್ನವೇ, ಮೊದಲ ನಮಸ್ಕಾರ ನಿನಗೆ. ಬೇರೆ ದೇವರುಗಳು ಹೂವಿಗೆ ಹಣ್ಣಿಗೆ ಒಲಿಯುತ್ತಾರೆ. ಹೊಡೆದರೆ ಒಲಿಯುವ ದೇವರು ನೀನೊಬ್ಬನೇ. ನನ್ನ ನಾಲಿಗೆಯನ್ನೂ ಒಂದಿಷ್ಟು ಒತ್ತು, ಕಿಡಿ ಹಾರಲಿ.

ಕೇಳುವವರೇ, ಸರಿಯಾಗಿ ಕೂತುಕೊಳ್ಳಿ. ಆಕಳಿಸುವವರು ಈಗಲೇ ಆಕಳಿಸಿ ಮುಗಿಸಿ. ಯುದ್ಧದ ನಡುವೆ ಬಾಯಿ ತೆರೆದರೆ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಕೃತಯುಗದಲ್ಲಿ ವೀರರು ಮೂರು ಲೋಕಗಳಿಗಾಗಿ ಕಾದಿದರು, ತ್ರೇತೆಯಲ್ಲಿ ಮಡದಿಗಾಗಿ, ದ್ವಾಪರದಲ್ಲಿ ಐದು ಹಳ್ಳಿಗಾಗಿ. ಯುಗ ಇಳಿದಂತೆ ಕಾರಣವೂ ಇಳಿಯುತ್ತ ಬಂದು, ಈ ಕಲಿಯುಗದಲ್ಲಿ ಅಂಗಿಯ ಗುಂಡಿಯಷ್ಟಗಲದ ಒಂದು ಬಿಲ್ಲೆಗೆ ಬಂದು ನಿಂತಿದೆ. ನಗಬೇಡಿ. ಬಿಲ್ಲೆ ಸಣ್ಣದು, ಜಗಳ ಸಣ್ಣದಾಗಿರಲಿಲ್ಲ.

ಧಾರವಾಡ ಸೀಮೆಯ ಒಂದು ವಿದ್ಯಾಲಯ. ಅದರ ಭೌತಶಾಸ್ತ್ರ ವಿಭಾಗದ ಹಿಂಬದಿಯಲ್ಲೊಂದು ಉದ್ದನೆಯ ಕೋಣೆ. ಅಲ್ಲಿ ಪಿಎಚ್.ಡಿ.ಗಾಗಿ ತಪಸ್ಸು ಮಾಡುತ್ತಿದ್ದಳು ನಮ್ಮ ನಾಯಕಿ, ಕಲ್ಲುಖಲ್ವಮರ್ದನಕಠಿನಕರತಲೆ, ಭಗ್ನಬಿಲ್ಲಾಸಹಸ್ರದರ್ಶನಾವಿಚಲಿತಧೈರ್ಯೆ, ಬೆಟಗೇರಿಯ ಮಗ್ಗದ ಮನೆಯ ಮಗಳು ಶಶಿಕಲಾ ಬೆಂಡಿಗೇರಿ. ಬಿರುದು ಉದ್ದವಾಯಿತೆಂದು ಮುಖ ಸಿಂಡರಿಸಬೇಡಿ. ಸೀಸ ಬೆರೆತ ಪುಡಿಯನ್ನು ಕೈಕವಚ ಹಾಕಿಕೊಂಡು ಕಲ್ಲಿನ ಖಲ್ವದಲ್ಲಿ ತಾಸುಗಟ್ಟಲೆ ಅರೆದು, ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡಿ, ಕುಲುಮೆಯಲ್ಲಿಟ್ಟು ಸುಟ್ಟು, ಮರುದಿನ ಬಾಗಿಲು ತೆರೆದು ನೋಡಿದರೆ ಬಿಲ್ಲೆ ಬಿರಿದಿರುತ್ತದೆ. ಮತ್ತೆ ಅರೆ, ಮತ್ತೆ ಒತ್ತು, ಮತ್ತೆ ಸುಡು, ಮತ್ತೆ ಬಿರುಕು. ನಾಲ್ಕು ವರ್ಷ ಇದನ್ನೇ ಮಾಡಿದವಳಿಗೆ ಒಂದು ಬಿರುದೂ ಇಲ್ಲದಿದ್ದರೆ ಹೇಗೆ?

ಅವಳು ಈ ಹಟ ಹಿಡಿದದ್ದಕ್ಕೆ ಕಾರಣ ಅವಳ ತಾಯಿ ಶಂಕ್ರವ್ವ. ಪವರ್‌ಲೂಮುಗಳ ಖಟಖಟದ ನಡುವೆ ಆಯುಷ್ಯ ಕಳೆದು ಆಕೆಯ ಕಿವಿ ಮಂದವಾಗಿದೆ. ಮೊದಲು ಎಳೆ ಹರಿದರೆ ಮಗ್ಗದ ಸದ್ದು ಬದಲಾದದ್ದು ಆಕೆಗೆ ನಿದ್ದೆಗಣ್ಣಲ್ಲೂ ತಿಳಿಯುತ್ತಿತ್ತು; ಈಗ ಎಚ್ಚರದಲ್ಲೂ ತಿಳಿಯುವುದಿಲ್ಲ. ಹರಿದ ಎಳೆಯ ಮೇಲೆಯೇ ಮಗ್ಗ ನೇಯ್ದುಕೊಂಡು ಹೋಗುತ್ತದೆ, ಸೀರೆ ಕೆಡುತ್ತದೆ, ಸಾಹುಕಾರ ಬಾಯಿಗೆ ಬಂದಂತೆ ಬೈಯುತ್ತಾನೆ. ಮಗ್ಗಕ್ಕೆ ಅಂಟಿಸಿದರೆ ಎಳೆಯ ಅದುರನ್ನು ತನ್ನ ಮೈಯಲ್ಲಿ ಹಿಡಿದು, ಅದು ಹರಿದೊಡನೆ ದೀಪ ಹಚ್ಚಿ ಹೇಳುವ ಒಂದು ಬಿಲ್ಲೆ ಮಾಡುತ್ತೇನೆ, ಅವ್ವನಿಗೆ ಕಿವಿಯ ಬದಲು ಕಣ್ಣಿಗೆ ಹೇಳಿಸುತ್ತೇನೆ ಎಂದು ಶಶಿಕಲಾ ಶಪಥ ಮಾಡಿದ್ದಳು.

ಆ ಶಪಥಕ್ಕೀಗ ಗಂಡಾಂತರ ಬಂದಿತ್ತು. ನಾಳೆ ಮಧ್ಯಾಹ್ನ ಪರಿಶೀಲನಾ ಸಮಿತಿ ಬರುತ್ತದೆ. ಒತ್ತಿದರೆ ವಿದ್ಯುತ್ತು ಕೊಡುವ ಒಂದೇ ಒಂದು ಇಡಿಯ ಬಿಲ್ಲೆಯನ್ನಾದರೂ ತೋರಿಸದಿದ್ದರೆ ಈ ವಿಷಯ ಬಿಟ್ಟು ಬೇರೆ ವಿಷಯ ಹಿಡಿ, ಮೊದಲಿನಿಂದ ಶುರು ಮಾಡು ಎಂದು ಹಿಂದಿನ ಸಲವೇ ಹೇಳಿಹೋಗಿದ್ದರು. ಅವಳ ಬಳಿ ಕೊನೆಯ ಪುಡಿಯಿಂದ ಒತ್ತಿದ, ಇನ್ನೂ ಸುಡದ ಬಿಲ್ಲೆಯೊಂದಿತ್ತು. ಅದನ್ನು ಇವತ್ತೇ ಸುಡಬೇಕು.

ಕೋಣೆಯಲ್ಲಿ ಕುಲುಮೆಗಳು ಎರಡು. ಒಂದು ದೀಪಾವಳಿಗೆ ಕೆಟ್ಟದ್ದು ಯುಗಾದಿ ಬಂದರೂ ರಿಪೇರಿಯಾಗಿರಲಿಲ್ಲ. ಇನ್ನೊಂದು, ಪ್ರಚಂಡತಾಪಜ್ವಾಲಾಜಠರವಾದ ಆ ಮಹಾಕುಲುಮೆ, ನಮ್ಮ ಪ್ರತಿನಾಯಕನ ವಶದಲ್ಲಿತ್ತು.

ಯಾರು ಆ ಪ್ರತಿನಾಯಕ? ಸೀಸಸಂಸರ್ಗವಿವರ್ಜಿತ, ಪರಿಶುದ್ಧಸೋಡಿಯಂಪೊಟ್ಯಾಸಿಯಂವ್ರತಧರ, ಬಾಗಲಕೋಟೆ ಸೀಮೆಯ ವಿರೂಪಾಕ್ಷ ಕಮತಗಿ. ಇವನೂ ಅಂಥದೇ ಬಿಲ್ಲೆಗಳನ್ನು ಮಾಡುವವನೇ, ಆದರೆ ಸೀಸವಿಲ್ಲದೆ. ಸೀಸ ವಿಷ, ಅದಿಲ್ಲದೆಯೂ ಒತ್ತಿದರೆ ಮಿಂಚುವ ಬಿಲ್ಲೆ ಮಾಡಿ ತೋರಿಸುತ್ತೇನೆ ಎಂಬುದು ಅವನ ಪಣ. ಪಣ ಒಳ್ಳೆಯದೇ. ಆದರೆ ಊರಲ್ಲಿ ಅಜ್ಜಿಯ ಮಡಿಗೆ ಹೆದರಿ ಓಡಿಬಂದ ಹುಡುಗ ಇಲ್ಲಿ ಅಜ್ಜಿಯನ್ನೂ ಮೀರಿಸಿಬಿಟ್ಟ! ಅವನ ಖಲ್ವ ಬೇರೆ, ಚಮಚ ಬೇರೆ, ಕುಂಚ ಬೇರೆ, ಕೈ ಒರೆಸುವ ಬಟ್ಟೆಯೂ ಬೇರೆ. ಶಶಿಕಲಾ ಹಾದುಹೋದ ಮೇಲೆ ಮೇಜನ್ನು ಒದ್ದೆಬಟ್ಟೆಯಲ್ಲಿ ಒರೆಸುತ್ತಿದ್ದ. ಅಜ್ಜಿ ನೋಡಿದ್ದರೆ ಕಣ್ಣೀರು ಹಾಕಿ ಹರಸುತ್ತಿದ್ದಳು.

ಬೆಳಿಗ್ಗೆ ಶಶಿಕಲಾ ಅವನೆದುರು ನಿಂತು ಗರ್ಜಿಸಿದಳು: “ಎಲೈ ಸೀಸದ್ವೇಷಿಯೇ! ಅಗ್ನಿಗೆ ಮೈಲಿಗೆಯುಂಟೇ? ಏಕದಿನಮಾತ್ರಪರ್ಯಂತ ಈ ಕುಲುಮೆಯನ್ನು ನನಗೊಪ್ಪಿಸಿ ಕೀರ್ತಿಶಾಲಿಯಾಗು. ಇಲ್ಲವೇ ನನ್ನ ಕೋಪಾನಲದಲ್ಲಿ ಶಲಭವಾಗು!”

ಇದು ನಾನು ಕಟ್ಟಿದ್ದು. ಅವಳು ಅಂದದ್ದು ಇಷ್ಟು: “ವಿರೂಪಾಕ್ಷ, ನಾಳಿ ನನ್ನ ಕಮಿಟಿ ಐತ್ರೀ. ಇವತ್ತೊಂದಿನ ಫರ್ನೇಸ್ ಬಿಟ್ಟ ಕೊಡ್ರಿ, ನಿಮಗ ಪುಣ್ಯಾ ಬರತೈತಿ.”

“ಏನ್ ಹೇಳ್ತೀರಿ!” ಎಂದು ಅವನು ಕುಲುಮೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. “ನಿಮ್ಮ ಸೀಸದ ಹೊಗಿ ಒಳಗ ಕುಂತ್ರ ಮುಗೀತು. ಮುಂದ ನನ್ನ ಬಿಲ್ಲಿ ಒಳಗ ಸೀಸ ಇಲ್ಲ ಅಂತ ಯಾವ ಮಾರಿ ಇಟ್ಕೊಂಡು ಹೇಳ್ಲಿ? ನಂದೂ ಇವತ್ತ ಸುಡೋದೈತಿ. ಹೊಸಾ ಪಾಕ ಹಾಕೇನಿ.”

“ನಿಮಗ ನಾಳಿ ಇಟ್ರೂ ನಡೀತೈತಿ. ನನಗ ನಾಳೇನ ಇಲ್ರೀ!”

“ಹಂಗಂತ ಮಡಿ ಬಿಡಾಕ ಬರತೈತೇನು?”

ಮಾತಿಗೆ ಮಾತು ಬೆಳೆದು, ಪಡಸಾಲೆಯಲ್ಲಿ ಹೋಗುವವರೆಲ್ಲ ನಿಂತು ನೋಡುವಂತಾಗಿ, ಗದ್ದಲ ಕೇಳಿ ಒಳಗಿನಿಂದ ಬಂದರು ಇಬ್ಬರಿಗೂ ಗುರುಗಳಾದ ಡಾಕ್ಟರ್ ಸರೋಜಿನಿ ಹುಯಿಲಗೋಳ ಮೇಡಂ. ಗುರುಗಳು ಇಬ್ಬರ ವಾದವನ್ನೂ ಕೇಳಿ, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಹೇಳಿದರು: “ಇಬ್ಬರೂ ಕೂಡೇ ಇಡ್ರಿ. ಪೆಟ್ಟಿಗ್ಯಾಗಿಂದು ಒಂದೊಂದು ಹೊಸಾ ಮೂಸಿ ತಗೊಳ್ರಿ, ಮುಚ್ಚಳಾ ಗಟ್ಟಿ ಮುಚ್ರಿ. ಹೊಗಿ ಹೊರಗ ಬರಂಗಿಲ್ಲ. ಇನ್ನೊಮ್ಮೆ ನಿಮ್ಮ ದನಿ ನನ್ನ ಕ್ಲಾಸಿಗೆ ಕೇಳಿಸ್ತಂದ್ರ ಇಬ್ಬರನ್ನೂ ಮೂಸ್ಯಾಗ ಹಾಕಿ ಸುಡತೀನಿ.”

ಗುರುವಾಕ್ಯ ಮೀರುವುದುಂಟೇ? ಒಂದೇ ಪೆಟ್ಟಿಗೆಯಿಂದ ಬಿಲ್ಲೆಯಿಟ್ಟು ಸುಡುವ ಎರಡು ಮೂಸೆಗಳು ಹೊರಬಂದವು. ಬಿಳಿಯ ಪಿಂಗಾಣಿಯ ಅವಳಿಜವಳಿ. ಬಿಲ್ಲೆಗಳೂ ಹಾಗೆಯೇ, ಅಚ್ಚು ಒಂದೇ, ಅಗಲ ಒಂದೇ, ದಪ್ಪ ಒಂದೇ, ಬಣ್ಣವೂ ಹೆಚ್ಚುಕಡಿಮೆ ಒಂದೇ. ಗುರುತಿರಲಿ ಎಂದು ಶಶಿಕಲಾ ತನ್ನ ಮೂಸೆಯ ಮುಚ್ಚಳದ ಮೇಲೆ ಪೆನ್ಸಿಲ್ಲಿನಿಂದ ಹೆಸರು ಬರೆದಳು. ಅವಳು ಬರೆದದ್ದು ನೋಡಿ ವಿರೂಪಾಕ್ಷ ತನ್ನದರ ಮೇಲೆ ಇನ್ನೂ ದಪ್ಪಕ್ಷರದಲ್ಲಿ ಬರೆದ. ಅದನ್ನು ಕಂಡು ಅವಳು ತನ್ನ ಹೆಸರಿಗೆ ಕುಮಾರಿ ಸೇರಿಸಿದಳು. ಅವನು ತನ್ನ ಹೆಸರಿಗೆ ಶ್ರೀ ಸೇರಿಸಿ, ಕೆಳಗೊಂದು ಗೆರೆ ಎಳೆದ. ಬಳಿಕ ಇಬ್ಬರೂ ಆ ಮೂಸೆಗಳನ್ನು ಕುಲುಮೆಯೊಳಗಿಟ್ಟು, ಬಾಗಿಲು ಮುಚ್ಚಿ, ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋದರು.

ಅಯ್ಯೋ ವಿದ್ಯೆಯೇ! ಪೆನ್ಸಿಲ್ಲಿನ ಗೀಟು ಇದ್ದಿಲಿನ ತಮ್ಮ. ಸಾವಿರ ಡಿಗ್ರಿಯ ಬೆಂಕಿಯಲ್ಲಿ ಇದ್ದಿಲು ಏನಾಗುತ್ತದೆಂದು ಬೀದಿಯಲ್ಲಿ ಇಸ್ತ್ರಿ ಮಾಡುವವನನ್ನು ಕೇಳಿದರೂ ಹೇಳುತ್ತಾನೆ, ಇವರಿಬ್ಬರಿಗೂ ಗೊತ್ತಿತ್ತು. ಹೆಸರು ಬರೆಯುವ ಹುಮ್ಮಸ್ಸಿನಲ್ಲಿ ಇಬ್ಬರಿಗೂ ಮರೆತುಹೋಗಿತ್ತು.

ಮರುದಿನ ಬೆಳಿಗ್ಗೆ ಶಶಿಕಲಾ ಬರುವಷ್ಟರಲ್ಲಿ ವಿರೂಪಾಕ್ಷ ಆರಿದ ಕುಲುಮೆಯ ಬಾಗಿಲು ತೆರೆದು, ಉದ್ದನೆಯ ಇಕ್ಕುಳದಿಂದ ಎರಡೂ ಮೂಸೆಗಳನ್ನು ಇಟ್ಟಿಗೆಯ ಮೇಲಿಟ್ಟಿದ್ದ. ಎಡದ್ದು ಯಾವುದು ಬಲದ್ದು ಯಾವುದು ಎಂದು ನೋಡುವ ಗೋಜಿಗೆ ಹೋಗಿರಲಿಲ್ಲ, ಹೆಸರು ಬರೆದಿದೆಯಲ್ಲ! ಈಗ ಇಬ್ಬರೂ ಬಾಗಿ ನೋಡಿದರು. ಶ್ರೀ ಇಲ್ಲ, ಕುಮಾರಿ ಇಲ್ಲ, ಗೆರೆಯೂ ಇಲ್ಲ. ಎರಡು ಮುಚ್ಚಳಗಳೂ ಹಾಲಿನಲ್ಲಿ ತೊಳೆದಂತೆ ಬೆಳ್ಳಗಿದ್ದವು.

“ಇದ್ಯಾವುದ್ರೀ ನಂದು?” ಎಂದಳು ಶಶಿಕಲಾ.

“ತಗದ ನೋಡೂಣು,” ಎಂದ ವಿರೂಪಾಕ್ಷ. ಅವನ ದನಿಯೂ ಸಣ್ಣಗಾಗಿತ್ತು.

ಮೊದಲ ಮುಚ್ಚಳ ತೆಗೆದರು. ಒಳಗೆ ಬಿಲ್ಲೆ ಮೂರು ಹೋಳಾಗಿ ಬಿದ್ದಿತ್ತು. ಎರಡನೆಯದನ್ನು ತೆಗೆದರು. ಆಹಾ! ಒಳಗಿತ್ತು ಅಖಂಡಮಂಡಲಾಕಾರ, ನಿರ್ವ್ರಣ, ನಿರ್ದೋಷ, ಒಂದು ಕೂದಲೆಳೆಯ ಬಿರುಕೂ ಇಲ್ಲದ, ಬೆಣ್ಣೆ ಬಣ್ಣದ ಬಿಲ್ಲೆ! ಆ ಕೋಣೆಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಇಬ್ಬರ ಬಾಯಿಂದಲೂ ಒಂದೇ ಕ್ಷಣಕ್ಕೆ ಒಂದೇ ಮಾತು ಹೊರಬಿತ್ತು: “ಇದು ನಂದು!”

ಈಗ ಶುರುವಾಯಿತು ನೋಡಿ ಘೋರಸಂಗ್ರಾಮ. ಇಕ್ಕುಳ ಹಿಡಿದು ಅವನು ಇಟ್ಟಿಗೆಯ ಆಚೆ ನಿಂತ, ಕೈಕವಚ ತೊಟ್ಟು ಅವಳು ಈಚೆ ನಿಂತಳು. ಉತ್ತರದಿಂದ ಅವನು ಬಾಣ ಬಿಟ್ಟರೆ ದಕ್ಷಿಣದಿಂದ ಅವಳು ಕತ್ತರಿಸಿದಳು.

“ಅಂಚ ನೋಡ್ರಿ, ಎಷ್ಟ ನೀಟ ಐತಿ. ಇದು ನನ್ನ ಕೈಯಾಗಿನ ಕೆಲಸ!”

“ಅಚ್ಚು ಒಂದ ಅಲ್ರೀ? ಅಂಚು ಕೈಯಿಂದ ಬರತೈತೋ ಅಚ್ಚಿನಿಂದ ಬರತೈತೋ?”

“ನಿಮ್ಮವು ಇಷ್ಟ ದಿನ ಎಲ್ಲಾ ಬಿರದಾವು. ಇದೊಂದ ಹೆಂಗ ಉಳೀತೈತಿ?”

“ನಿಮ್ಮವು ಉಳದಿದ್ವೇನು? ನನಗ ಹೇಳಾಕ ಬಂದಾರ!”

ಎಕ್ಸ್‌ರೇ ಯಂತ್ರದಲ್ಲಿಟ್ಟು ನೋಡೋಣವೆಂದರೆ ಆ ಯಂತ್ರ ಬೇರೆ ಊರಲ್ಲಿತ್ತು, ಪಾಳಿ ಬರಲು ವಾರ ಬೇಕು. ಒಂದು ಚೂರು ಮುರಿದು ಪರೀಕ್ಷಿಸೋಣವೆಂದು ವಿರೂಪಾಕ್ಷ ಅಂದಾಗ ಶಶಿಕಲಾ ಕೈಯನ್ನೇ ಅಡ್ಡ ಹಿಡಿದಳು. ಗುರುಗಳ ಬಳಿ ಹೋಗೋಣವೆಂದರೆ ಮೂಸೆಯಲ್ಲಿ ಹಾಕಿ ಸುಡುವ ಮಾತು ಇಬ್ಬರಿಗೂ ನೆನಪಿತ್ತು. ಗಡಿಯಾರ ಮಾತ್ರ ಯಾರ ಪಕ್ಷವನ್ನೂ ವಹಿಸದೆ ಮುಂದೆ ಹೋಗುತ್ತಿತ್ತು. ಶಶಿಕಲಾ ಒಮ್ಮೆ ಅದನ್ನು ನೋಡಿದಳು. “ವಿರೂಪಾಕ್ಷ, ಇದು ನಂದಲ್ಲ ಅಂದ್ರ ನಾ ಇವತ್ತ ಎಲ್ಲಾ ಬಿಟ್ಟ ಹೋಗ್ಬೇಕ್ರೀ. ನಮ್ಮವ್ವಗ ಏನಂತ ಹೇಳ್ಲಿ?” ಎಂದಳು. ಯುದ್ಧದಲ್ಲಿ ಅಳಬಾರದೆಂದು ನಿಯಮ. ಅವಳು ಅಳಲಿಲ್ಲ, ಮೂಗು ಮಾತ್ರ ಕೆಂಪಾಯಿತು.

ಅವನ ಮನಸ್ಸು ಒಂದು ಗಳಿಗೆ ಕರಗಿತು. ಆದರೆ ತನ್ನ ಹೊಸ ಪಾಕದ ಮೊದಲ ಇಡಿಯ ಬಿಲ್ಲೆ ಕಣ್ಣೆದುರಿಗಿರುವಾಗ ಯಾವ ವೀರ ತಾನೇ ಹಿಂದೆಗೆದಾನು? ಅವನು ಎದೆ ಸೆಟೆಸಿ ಮಾತಿಗೆ ನಿಂತ. ಕೇಳಿ, ಈ ಸಲ ನಾನು ಒಂದಕ್ಷರವನ್ನೂ ಸೇರಿಸಿಲ್ಲ. ವಿರೂಪಾಕ್ಷ ಕಾಲೇಜಿನ ದಿನಗಳಲ್ಲಿ ಭಾಷಣ ಸ್ಪರ್ಧೆಯ ಕಪ್ಪು ಗೆದ್ದವನು. ಸಿಟ್ಟು ಬಂದರೆ ಅವನ ಬಾಯಲ್ಲಿ ಪುಸ್ತಕದ ಕನ್ನಡವೇ ಬರುತ್ತದೆ.

“ಈ ಬಿಲ್ಲೆಯನ್ನು ನೋಡಿದರೆ ಸಾಕು, ಇದರಲ್ಲಿ ಸೀಸದ ಲವಲೇಶವೂ ಇಲ್ಲವೆಂದು ಕುರುಡನೂ ಹೇಳಬಲ್ಲ! ಸೀಸವೆಂದರೆ ಏನು? ಜಲಕ್ಕೆ ಕಂಟಕ! ನೆಲಕ್ಕೆ ಕಳಂಕ! ಮಕ್ಕಳ ಮೆದುಳಿಗೆ ಮೃತ್ಯು! ಮನುಕುಲದ ಹೆಗಲ ಮೇಲಿನ ಹೊರೆ! ಲೋಹಗಳಲ್ಲೆಲ್ಲ ಅತಿ ನೀಚ, ಅತಿ ಮಲಿನ, ಅತಿ ಭಾರ—”

ಅಲ್ಲಿಗೆ ನಿಂತ. ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಶಶಿಕಲಾ ಅವನ ಮುಖ ನೋಡಿದಳು, ಅವನು ಅವಳ ಮುಖ ನೋಡಿದ, ಆಮೇಲೆ ಇಬ್ಬರೂ ಒಟ್ಟಿಗೆ ಕೋಣೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದ ತಕ್ಕಡಿಯನ್ನು ನೋಡಿದರು. ಸೀಸ ಭಾರ! ಅಗಲ ಒಂದೇ, ದಪ್ಪ ಒಂದೇ ಇರುವ ಎರಡು ಬಿಲ್ಲೆಗಳಲ್ಲಿ ಯಾವುದು ಭಾರವೋ ಅದರಲ್ಲಿ ಸೀಸವಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದರು ಈ ಇಬ್ಬರು ಪಂಡಿತರು.

ವಿರೂಪಾಕ್ಷ ಆ ಮಾತನ್ನು ನುಂಗಿಕೊಂಡು ಭಾಷಣ ಮುಂದುವರಿಸಬಹುದಿತ್ತು. ಸೀಸದ ಅವಗುಣಗಳು ಇನ್ನೂ ಬೇಕಾದಷ್ಟಿದ್ದವು. ನಾನು ಅವನನ್ನು ಇಷ್ಟು ಹೊತ್ತು ಆಡಿಕೊಂಡೆ, ಆದರೆ ಇದೊಂದು ಮಾತು ಅವನ ಪರವಾಗಿ ಹೇಳಲೇಬೇಕು: ಅವನು ನುಂಗಲಿಲ್ಲ. “ಬರ್ರಿ, ತೂಗೂಣು,” ಎಂದು ತಾನೇ ಮುಂದೆ ನಡೆದ.

ಮೊದಲು ಮೂರು ಹೋಳುಗಳನ್ನು ಒಟ್ಟಿಗೆ ಇಟ್ಟರು. ಅಂಕಿ ಬಂತು. ಅವನ್ನು ತೆಗೆದು ಇಡಿಯ ಬಿಲ್ಲೆಯನ್ನಿಟ್ಟರು. ತಕ್ಕಡಿಯ ಅಂಕಿ ಏರಿತು, ಏರಿತು, ಮೊದಲಿನದನ್ನು ದಾಟಿ ಎಷ್ಟೋ ಮುಂದೆ ಹೋಗಿ ನಿಂತಿತು.

“ನಿಮ್ಮದ್ರೀ,” ಎಂದ ವಿರೂಪಾಕ್ಷ.

ಶಶಿಕಲಾ ಕುಣಿದಳೇ? ಕುಣಿಯಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತು, “ಅಯ್ ಶಿವನ!” ಎಂದಳು. ಮರುಗಳಿಗೆಯೇ ಎದ್ದಳು, ಯಾಕೆಂದರೆ ಗೆದ್ದ ಬಿಲ್ಲೆ ಇನ್ನೂ ಜಡವಾಗಿತ್ತು. ಸುಟ್ಟ ಬಿಲ್ಲೆಯೊಳಗೆ ಕಣ್ಣಿಗೆ ಕಾಣದ ಅಸಂಖ್ಯ ತುಣುಕುಗಳಿರುತ್ತವೆ, ಒಂದೊಂದರ ವಿದ್ಯುತ್ತೂ ಒಂದೊಂದು ದಿಕ್ಕಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಂಸಾರ. ಒತ್ತಿದರೆ ಒಂದು ಕೊಟ್ಟದ್ದನ್ನು ಇನ್ನೊಂದು ತಿಂದುಹಾಕುತ್ತದೆ. ಎರಡೂ ಮುಖಕ್ಕೆ ಬೆಳ್ಳಿ ಬಳಿದು, ಬಿಸಿ ಎಣ್ಣೆಯಲ್ಲಿ ಮುಳುಗಿಸಿ, ಸಾವಿರಾರು ವೋಲ್ಟು ಕೊಟ್ಟರೆ ಎಲ್ಲ ತುಣುಕುಗಳೂ ಒಂದೇ ಕಡೆಗೆ ಮುಖ ತಿರುಗಿಸುತ್ತವೆ. ವೋಲ್ಟು ತೆಗೆದ ಮೇಲೂ ಆ ದಿಕ್ಕನ್ನು ಮರೆಯುವುದಿಲ್ಲ. ಆದರೆ ಬಿಲ್ಲೆಯಲ್ಲಿ ಎಲ್ಲಾದರೂ ಒಂದು ದುರ್ಬಲ ಜಾಗವಿದ್ದರೆ ಅಲ್ಲಿ ಚಟ್ಟೆಂದು ಕಿಡಿ ಹಾರಿ ತೂತು ಬೀಳುತ್ತದೆ, ಕಥೆ ಮುಗಿಯುತ್ತದೆ.

ಎಣ್ಣೆಯೊಳಗಿನ ಎರಡು ಹಿತ್ತಾಳೆ ಕಡ್ಡಿಗಳ ನಡುವೆ ಬಿಲ್ಲೆಯನ್ನು ಒಬ್ಬರು ಹಿಡಿಯಬೇಕು, ಇನ್ನೊಬ್ಬರು ತಿರುಪು ಬಿಗಿಯಬೇಕು. ಶಶಿಕಲಾಳಿಗೆ ಇದ್ದದ್ದು ಎರಡೇ ಕೈ. ಆಗ ಸೀಸಸಂಸರ್ಗವಿವರ್ಜಿತನಾದ ವಿರೂಪಾಕ್ಷ ನಿಟ್ಟುಸಿರು ಬಿಟ್ಟು, ಒಂದರ ಮೇಲೊಂದು ಎರಡು ಜೊತೆ ಕೈಕವಚ ತೊಟ್ಟು, ಚಿಮಟದಿಂದ ಆ ಸೀಸದ ಬಿಲ್ಲೆಯನ್ನು ಎತ್ತಿ ಹಿಡಿದ. “ಲಗೂ ಬಿಗೀರಿ, ಅಜ್ಜಿ ಸಿಟ್ಟಾಗ್ತಾಳ,” ಎಂದ. ಶಶಿಕಲಾಗೆ ನಗು ಬಂತು. ತಿರುಪು ಬಿಗಿದು, ಮುಚ್ಚಳ ಹಾಕಿ, ಇಬ್ಬರೂ ದೂರ ಸರಿದು, ವೋಲ್ಟು ಏರಿಸಿದರು.

ಅರ್ಧ ದಾರಿ ಏರಿತು. ಮುಕ್ಕಾಲು ಏರಿತು. ಚಟ್!

“ಹೋತ್ರೀ! ಹೋತು!” ಎಂದು ಮುಖ ಮುಚ್ಚಿಕೊಂಡಳು.

“ಇಲ್ರೀ,” ಎಂದ ವಿರೂಪಾಕ್ಷ ತಪ್ಪಿತಸ್ಥನಂತೆ, “ನಾ ನೆಟಿಗಿ ಮುರದೆ.”

ಆ ಹೊತ್ತಿನಲ್ಲಿ ಅವಳು ಅವನನ್ನು ನೋಡಿದ ನೋಟವನ್ನು ವರ್ಣಿಸಲು ನನ್ನ ಬಳಿ ಸಮಾಸಗಳಿಲ್ಲ. ಇರಲಿ. ವೋಲ್ಟು ಏರಿತು, ನಿಂತಿತು, ಇಳಿಯಿತು. ಬಿಲ್ಲೆ ಉಳಿಯಿತು.

ಮಧ್ಯಾಹ್ನ ಸಮಿತಿಯ ಮೂವರು ದಿಕ್ಪಾಲಕರು ಊಟ ಮುಗಿಸಿ, ಎಲೆಯಡಿಕೆ ಮೆಲ್ಲುತ್ತ ಬಂದು ಕೂತರು. ಮೇಜಿನ ಮೇಲೆ ಬಿಲ್ಲೆ, ಅದಕ್ಕೆರಡು ತಂತಿ, ತಂತಿಯ ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಕೆಂಪು ದೀಪ. ಬ್ಯಾಟರಿ ಇಲ್ಲ, ಸ್ವಿಚ್ಚಿಲ್ಲ. ಶಶಿಕಲಾ ಮನಸ್ಸಿನಲ್ಲೇ ಅವ್ವನ ಹೆಸರು ಹೇಳಿ, ರಬ್ಬರು ತಲೆಯ ಸಣ್ಣ ಸುತ್ತಿಗೆಯಿಂದ ಬಿಲ್ಲೆಯನ್ನು ತಟ್ಟಿದಳು.

ದೀಪ ಮಿಣಕ್ ಎಂದಿತು.

ದೇವದುಂದುಭಿಗಳು ಮೊಳಗಿದವು, ಗಂಧರ್ವರು ಹಾಡಿದರು, ಆಕಾಶದಿಂದ ಹೂಮಳೆ ಸುರಿಯಲು ಮೋಡದಂಚಿಗೆ ಬುಟ್ಟಿಗಳು ಬಂದು ನಿಂತವು. ಅಷ್ಟರಲ್ಲಿ ಸಮಿತಿಯ ಅಧ್ಯಕ್ಷರು, “ಇನ್ನೊಮ್ಮೆ ತೋರಸ್ರಿ. ನಾ ಕನ್ನಡಕ ಒರಸಾಕ ಹತ್ತಿದ್ದೆ,” ಎಂದರು. ದೇವತೆಗಳು ಬುಟ್ಟಿಗಳನ್ನು ಹಿಂದಕ್ಕೆ ಎಳೆದುಕೊಂಡು ಕಾದರು. ಅವಳು ಮತ್ತೆ ತಟ್ಟಿದಳು. ಮತ್ತೆ ಮಿಣಕ್. ಅಧ್ಯಕ್ಷರು ಮುಂದೆ ಬಾಗಿ, ತಾವೇ ಸುತ್ತಿಗೆ ತೆಗೆದುಕೊಂಡು, ಮಗುವಿನ ಹಾಗೆ ನಾಲ್ಕಾರು ಸಲ ತಟ್ಟಿ ನೋಡಿ, “ಆತ್ರಿ, ಇದನ್ನ ಮುಂದುವರಸ್ರಿ,” ಎಂದು ಎದ್ದರು. ಹುಯಿಲಗೋಳ ಮೇಡಂ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಮಾತ್ರ ಕಂಡೆ.

ಇಲ್ಲಿಗೆ ಫಲ ಹೇಳಿ ಎದ್ದುಬಿಡಬೇಕೆಂದಿದ್ದೆ. ಈ ಕಾಳಗವನ್ನು ಕೇಳಿದವರ ಬಿಲ್ಲೆ ಬಿರಿಯದಿರಲಿ, ಓದಿದವರ ಗ್ಯಾಸ್ ಲೈಟರು ಮೊದಲ ಒತ್ತಿಗೇ ಹತ್ತಲಿ, ಒಂದೇ ಮನೆಯಲ್ಲಿದ್ದು ದಿಕ್ಕಿಗೊಂದು ಮುಖ ಮಾಡಿ ಕೂತವರು ಬಿಸಿ ಎಣ್ಣೆಯ ಹಂಗಿಲ್ಲದೆಯೇ ಒಂದು ಕಡೆಗೆ ತಿರುಗಲಿ ಎಂದು ಹರಸುವಷ್ಟರಲ್ಲಿ ಶಶಿಕಲಾ ಪಡಸಾಲೆಗೆ ಹೋಗಿ ಊರಿಗೆ ಫೋನು ಹಚ್ಚಿಬಿಟ್ಟಳು. ಶಂಕ್ರವ್ವನಿಗೆ ಕೇಳಿಸಬೇಕಾದರೆ ಕೂಗಬೇಕು. ಆದ್ದರಿಂದ ಇಡೀ ವಿಭಾಗ ಕೇಳಿತು.

“ಅವ್ವಾ! ದೀಪಾ ಹತ್ತಿತು!”

“ಒದರಬ್ಯಾಡ, ಕೇಳಸ್ತೈತಿ!” ಎಂದು ಆಚೆಯಿಂದ ಶಂಕ್ರವ್ವ ಅದಕ್ಕಿಂತ ಜೋರಾಗಿ ಒದರಿದಳು. “ಎಷ್ಟೊತ್ತು ಹತ್ತಿತು?”

“ಒಮ್ಮೆ ಬಡದ್ರ ಒಮ್ಮೆ ಮಿಣಕ್ ಅಂತೈತಿ!”

“ಇಷ್ಟಕ್ಕ ನಾಕ ವರ್ಸ ಆತೇನ? ನಮ್ಮ ಮನ್ಯಾಗ ಬಟನ್ ಒತ್ತಿದ್ರ ರಾತ್ರೆಲ್ಲಾ ಉರೀತೈತಿ!”

ಪಡಸಾಲೆಯಲ್ಲಿದ್ದವರು ನಕ್ಕರು. ಶಶಿಕಲಾಳೂ ನಕ್ಕಳು. “ನಿನ್ನ ಮಗ್ಗಕ್ಕ ಹಚ್ಚತೀನಬೇ. ಎಳಿ ಹರದ್ರ ಅದು ನಿನಗ ಕಣ್ಣಿಗೆ ತೋರಸ್ತೈತಿ.”

ಆಚೆ ಖಟಖಟ ಎನ್ನುತ್ತಿದ್ದ ಮಗ್ಗ ನಿಂತಿತು. ಆಮೇಲೆ ಶಂಕ್ರವ್ವ, ಈ ಸಲ ಒದರದೆ, “ನನ್ನ ಕಿವಿ ಹೋಗೇತಿ ಅನ್ನೂದು ನಿನಗ ಗೊತ್ತಿತ್ತೇನ?” ಎಂದಳು.

“ಗೊತ್ತಿತ್ತಬೇ.”

“ಯಾರಿಗೂ ತಿಳದಿಲ್ಲ ಅಂತ ಮಾಡಿದ್ದೆ.” ಮತ್ತೆ ಖಟಖಟ. “ಛಲೋ ಆತು ಬಿಡು. ಉಂಡೀಯೋ ಇಲ್ಲೋ?”

ಉಂಡಿರಲಿಲ್ಲ. ಬಿಲ್ಲೆಯ ಗದ್ದಲದಲ್ಲಿ ಬುತ್ತಿ ತರುವುದೇ ಮರೆತಿತ್ತು. ಫೋನಿಟ್ಟು, ಕಣ್ಣೊರೆಸಿಕೊಂಡು ತಿರುಗಿದರೆ ಪಡಸಾಲೆಯ ತುದಿಯ ಕಟ್ಟೆಯ ಮೇಲೆ ವಿರೂಪಾಕ್ಷ ತನ್ನ ಬುತ್ತಿ ಬಿಚ್ಚಿ ಕೂತಿದ್ದ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಒಂದು ರೊಟ್ಟಿಯನ್ನು ಮುರಿದು, ದೊಡ್ಡ ಅರ್ಧವನ್ನು ಮುಚ್ಚಳದ ಮೇಲಿಟ್ಟು ಅವಳತ್ತ ಸರಿಸಿದ. ಅವಳು ಕೈ ಚಾಚಿದಳು. ಅವನು ಮುಚ್ಚಳವನ್ನು ಸರ್ರನೆ ಹಿಂದಕ್ಕೆ ಎಳೆದುಕೊಂಡ.

“ಮೊದಲ ಕೈ ತೊಳಕೊಂಡ ಬರ್ರಿ. ಸಬಕಾರ ಹಚ್ಚಿ. ಎರಡ ಸಲ.”

ಸಮರವಿಜಯಿನಿ, ಸೀಸಸಾಮ್ರಾಜ್ಞಿ, ದೀಪಪ್ರಜ್ವಾಲಿನಿಯಾದ ಶಶಿಕಲಾ ಬೆಂಡಿಗೇರಿ ನಲ್ಲಿಯ ಕಡೆ ಹೋದಳು.